ಘಾಟಿ ಹತ್ತದ ಹಳೇ ಕಾರು: ಕಡಿಮೆ ದುಡ್ಡಿನಲ್ಲಿ ಇಂಜಿನ್‌ಗೆ ಬಲ ತುಂಬುವುದು ಹೇಗೆ?

ಸಂಪಾಜೆಯಿಂದ ಮಡಿಕೇರಿ ಕಡೆ ಹತ್ತುವಾಗ ನನ್ನ 1997ರ ಮಾರುತಿ 800 ಕೊಯನಾಡಿನವರೆಗೆ ಖುಷಿಯಾಗಿಯೇ ಬರುತ್ತಿತ್ತು. ದೇವರಕೊಲ್ಲಿ ಬಂತೆಂದರೆ ಮೂರನೇ ಗೇರಿಗೆ ಸುಸ್ತು. ಜೋಡುಪಾಲದಿಂದ ಮೇಲೆ ಎರಡನೇ ಗೇರ್, ಒಂದೇ ರಾಗ. ಹಿಂದೆ ಬಸ್ಸು ಬಂದರೆ ಬದಿಗೆ ಸರಿದು ದಾರಿ ಬಿಡುವುದು ಅಭ್ಯಾಸವೇ ಆಗಿಹೋಗಿತ್ತು.

ನಮ್ಮೂರಲ್ಲಿ ಕಾರಿನ ಎಲ್ಲ ಕಾಯಿಲೆಗೂ ಒಂದೇ ಹೆಸರು: ‘ಪಿಕಪ್ ಇಲ್ಲ’. ಸಲಹೆಗೂ ಬರ ಇಲ್ಲ. ಮಾರುತಿಯದ್ದೇ ಝೆನ್ ಕಾರಿನ ಇಂಜಿನ್ ಕೂರಿಸು ಅಂದರು ಒಬ್ಬರು. ದೊಡ್ಡ ಸೈಲೆನ್ಸರ್ ಹಾಕು ಅಂದರು ಇನ್ನೊಬ್ಬರು. ಗುಜರಿಗೆ ಕೊಟ್ಟು ಹೊಸದು ತಗೋ ಅಂದವರೇ ಜಾಸ್ತಿ. ನನ್ನ ಕೈಯಲ್ಲಿದ್ದದ್ದು ಕರಿಮೆಣಸು ಮಾರಿ ಉಳಿದ ಹದಿನೈದು ಸಾವಿರ ರೂಪಾಯಿ. ಅಷ್ಟರಲ್ಲಿ ಏನು ಮಾಡಬಹುದು ಅಂತ ಹುಡುಕುತ್ತಾ ಹೋದಾಗ ಒಂದು ವಿಷಯ ಗೊತ್ತಾಯಿತು. ಹಳೇ ಇಂಜಿನ್‌ಗೆ ಹೊಸ ಬಲ ಸೇರಿಸಲು ತುಂಬ ದುಡ್ಡು ಬೇಕು. ಕಂಪನಿ ಕೊಟ್ಟಿದ್ದ ಬಲ ಎಲ್ಲೆಲ್ಲಿ ಸೋರಿಹೋಗಿದೆ ಅಂತ ಹುಡುಕಿ ವಾಪಸ್ ತರಲು ಅಷ್ಟೊಂದು ಬೇಡ. ಹಳೇ ಕಾರುಗಳಲ್ಲಿ ಸೋರಿಹೋಗಿರುವುದು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇರುತ್ತದೆ.

ಮೊದಲು ಗಾಳಿಯ ವಿಷಯಕ್ಕೆ ಬರೋಣ. ಕೊಡಗಿನಲ್ಲಿ ಅದನ್ನು ಬಿಟ್ಟು ಇಂಜಿನ್ ಬಗ್ಗೆ ಮಾತಾಡಿದರೆ ಲೆಕ್ಕ ತಪ್ಪುತ್ತದೆ.

ಇಂಜಿನ್ ಅಂದರೆ ಗಾಳಿ ಎಳೆಯುವ ಪಂಪು. ಮಾರುತಿ 800ರಲ್ಲಿ ಮೂರು ಸಿಲಿಂಡರ್. ಒಂದೊಂದರ ಬೋರ್, ಅಂದರೆ ಒಳಗಿನ ಅಗಲ, 68.5 ಮಿ.ಮೀ., ಪಿಸ್ಟನ್ ಓಡಾಡುವ ದೂರ 72 ಮಿ.ಮೀ. ಮೂರೂ ಸೇರಿ 796 ಸಿಸಿ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗಿದರೆ ಇಷ್ಟು ಗಾಳಿ ಒಳಗೆ ಹೋಗಬೇಕು. ನಿಮಿಷಕ್ಕೆ 3000 ಸುತ್ತು ಅಂದರೆ ಸುಮಾರು 1200 ಲೀಟರ್ ಗಾಳಿ. ಒಂದು ಕೆಜಿ ಪೆಟ್ರೋಲ್ ಸರಿಯಾಗಿ ಸುಡಲು 14.7 ಕೆಜಿ ಗಾಳಿ ಬೇಕು. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು. ಗಾಳಿಯನ್ನು ಒಳಗೆ ತರುವುದೇ ಕಷ್ಟ. ಇಂಜಿನ್‌ನ ಬಲ ಜಾಸ್ತಿ ಮಾಡುವ ಯಾವ ಉಪಾಯ ತಗೊಂಡರೂ ಅದು ಕೊನೆಗೆ ಗಾಳಿ ಜಾಸ್ತಿ ತುಂಬಿಸುವ ಉಪಾಯವೋ, ಒಳಗೆ ಬಂದ ಗಾಳಿಯನ್ನು ವ್ಯರ್ಥ ಮಾಡದ ಉಪಾಯವೋ ಆಗಿರುತ್ತದೆ.

ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಮೇಲೆ. ಅಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಶೇ 10ರಷ್ಟು ತೆಳು. ಪಂಪು ಅದೇ, ಎಳೆಯುವ ಲೀಟರ್ ಅದೇ, ಆದರೆ ಆ ಲೀಟರಿನಲ್ಲಿರುವ ಗಾಳಿಯ ತೂಕ ಕಡಿಮೆ. ಗಾಳಿಗೆ ಪೆಟ್ರೋಲ್ ಬೆರೆಸಲು ಕಾರ್ಬ್ಯುರೇಟರ್ ಇರುವ 800ಕ್ಕೆ ಕಂಪನಿ ಹೇಳುತ್ತಿದ್ದದ್ದು ಸುಮಾರು 37 ಹಾರ್ಸ್‌ಪವರ್. ಅದರಲ್ಲಿ ನಾಲ್ಕು ಕುದುರೆ ಮಡಿಕೇರಿ ತಲುಪುವ ಹೊತ್ತಿಗೆ ದಾರಿಯಲ್ಲೇ ಇಳಿದು ಹೋಗಿರುತ್ತವೆ. ಇದು ಯಾರ ತಪ್ಪೂ ಅಲ್ಲ, ಯಾವ ಮೆಕ್ಯಾನಿಕ್ಕೂ ಇದನ್ನು ರಿಪೇರಿ ಮಾಡಲಾರ. ಟರ್ಬೊ ಇರುವ ಡೀಸೆಲ್ ಗಾಡಿಗಳಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ. ಟರ್ಬೊ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಅದಕ್ಕೇ ಪಕ್ಕದ ತೋಟದವರ ಹೊಸ ಜೀಪು ಸರಾಗವಾಗಿ ಹತ್ತುವಾಗ ನಮ್ಮದು ಏದುಸಿರು ಬಿಡುವುದು.

ಇನ್ನೊಂದು ಲೆಕ್ಕ ನೋಡಿ. ಕಾರಿನ ತೂಕ ಸುಮಾರು 650 ಕೆಜಿ. ನಾಲ್ಕು ಜನ ಕೂತರೆ 900 ಮುಟ್ಟುತ್ತದೆ. ಈ ತೂಕವನ್ನು ಸಂಪಾಜೆಯಿಂದ ಮಡಿಕೇರಿಗೆ, ಅಂದರೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಮೇಲಕ್ಕೆ, ಎತ್ತಬೇಕು. ಬರೀ ಎತ್ತುವುದಕ್ಕೇ ಒಂದು ಲೀಟರಿಗಿಂತ ಜಾಸ್ತಿ ಪೆಟ್ರೋಲ್ ಬೇಕು. ಟೈರ್, ಗಾಳಿ, ತಿರುವುಗಳ ಖರ್ಚು ಬೇರೆ. ಡಿಕ್ಕಿಯಲ್ಲಿ ಅರ್ಧ ಮೂಟೆ ಗೊಬ್ಬರ, ಹಳೇ ಬ್ಯಾಟರಿ, ಎರಡು ಕತ್ತಿ, ಒಂದು ಜ್ಯಾಕ್ ಸಾಲದೆಂದು ಎರಡು ಜ್ಯಾಕ್ ಹೊತ್ತು ತಿರುಗುವ ಕಾರಿಗೆ ಹಾರ್ಸ್‌ಪವರ್ ಸೇರಿಸುವ ಮೊದಲು ಡಿಕ್ಕಿ ಖಾಲಿ ಮಾಡುವುದು ಒಳ್ಳೆಯದು. 65 ಕೆಜಿ ಇಳಿಸಿದರೆ ಖಾಲಿ ಕಾರಿನ ತೂಕದ ಹತ್ತನೇ ಒಂದು ಭಾಗ ಇಳಿಸಿದಂತೆ. ಖರ್ಚು ಸೊನ್ನೆ.

ಈಗ ಇಂಜಿನ್‌ನ ಆರೋಗ್ಯ. ಇದನ್ನು ಅಳೆಯಲು ಕಂಪ್ರೆಶನ್ ಗೇಜ್ ಅಂತ ಒಂದು ಸಣ್ಣ ಮೀಟರ್ ಸಿಗುತ್ತದೆ. ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದು ತೂತಿಗೆ ಗೇಜ್ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಸ್ಟಾರ್ಟರ್ ಐದಾರು ಸುತ್ತು ತಿರುಗಿಸಬೇಕು. ಕಿಡಿ ಬರದಂತೆ ಕಾಯಿಲ್ ವೈರ್ ಮೊದಲೇ ಬಿಚ್ಚಿಡಬೇಕು, ಇಂಜಿನ್ ಬಿಸಿಯಾಗಿರಬೇಕು, ಬ್ಯಾಟರಿ ಚೆನ್ನಾಗಿರಬೇಕು. ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತದೆ ಅನ್ನುವುದು ಪಿಎಸ್‌ಐ (ಒತ್ತಡದ ಅಳತೆ) ಲೆಕ್ಕದಲ್ಲಿ ಗೊತ್ತಾಗುತ್ತದೆ. ಒಂದು ಸಿಲಿಂಡರ್ ಮಾತ್ರ ಕಡಿಮೆ ತೋರಿಸಿದರೆ ಆ ತೂತಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ರೀಡಿಂಗ್ ಏರಿದರೆ ಪಿಸ್ಟನ್ ರಿಂಗ್ ಅಥವಾ ಬೋರ್ ಸವೆದಿದೆ, ಆಯಿಲ್ ಆ ಸಂದಿಯನ್ನು ಮುಚ್ಚಿದೆ ಅಂತ ಅರ್ಥ. ಏರದಿದ್ದರೆ ಸೋರಿಕೆ ಸಿಲಿಂಡರುಗಳ ಮೇಲೆ ಕೂರುವ ಹೆಡ್ಡಿನಲ್ಲಿ: ಗಾಳಿ, ಹೊಗೆಯ ಬಾಗಿಲಾದ ವಾಲ್ವ್ ಸರಿಯಾಗಿ ಕೂರುತ್ತಿಲ್ಲ, ಇಲ್ಲವೇ ಗ್ಯಾಸ್ಕೆಟ್ ಹೋಗಿದೆ. ಒಂದು ಚಮಚ ಎಣ್ಣೆ ನಿಮ್ಮ ಖರ್ಚು ಐದು ಸಾವಿರವೋ ಮೂವತ್ತು ಸಾವಿರವೋ ಅಂತ ಹೇಳಿಬಿಡುತ್ತದೆ.

ನಾನು ಎಡವಿದ್ದು ಇಲ್ಲೇ. ಒಂದು ಗ್ಯಾರೇಜಿನಲ್ಲಿ ಗೇಜ್ ಹಾಕಿದರು. ಮೂರೂ ಸಿಲಿಂಡರ್ 150ರ ಆಸುಪಾಸು. ಮೊಬೈಲಿನಲ್ಲಿ ಏನೋ ನೋಡಿ, 175 ಬರಬೇಕಿತ್ತು, ಬೋರ್ ಹೋಗಿದೆ, ಇಂಜಿನ್ ಇಳಿಸಬೇಕು ಅಂದರು. ಹೇಳಿದ ಮೊತ್ತ ಕೇಳಿ ನಾನು ಕಾರು ಎತ್ತಿಕೊಂಡು ಮನೆಗೆ ಬಂದೆ. ಕೆಲವು ದಿನದ ನಂತರ ಮಂಗಳೂರಿಗೆ ಹೋಗಿದ್ದಾಗ, ನಾನೇ ಕೊಂಡುಕೊಂಡಿದ್ದ ಗೇಜಿನಲ್ಲಿ ಅಳೆದರೆ ಮೂರೂ 170! ಇಂಜಿನ್ ರಾತ್ರೋರಾತ್ರಿ ಯೌವನ ಪಡೆದಿರಲಿಲ್ಲ. ಮಡಿಕೇರಿಯಲ್ಲಿ ಗಾಳಿಯ ಒತ್ತಡವೇ ಸಮುದ್ರಮಟ್ಟದ ಶೇ 87ರಷ್ಟು. ಕಡಿಮೆ ಒತ್ತಡದ ಗಾಳಿ ಒಳಗೆ ಹೋದರೆ ಒತ್ತಿದ ಮೇಲೂ ಕಡಿಮೆಯೇ ತೋರಿಸುತ್ತದೆ. ಕೆಳಗೆ 175 ತೋರಿಸುವ ಆರೋಗ್ಯವಂತ ಇಂಜಿನ್ ಮಡಿಕೇರಿಯಲ್ಲಿ 152ರ ಹತ್ತಿರ ನಿಲ್ಲುತ್ತದೆ. ಪುಸ್ತಕದ ಅಂಕಿಗಳು ಬಯಲಿನ ಅಂಕಿಗಳು. ಬೆಟ್ಟದ ಮೇಲೆ ಒಟ್ಟು ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ಅದು 15 ಪಿಎಸ್‌ಐಗಿಂತ ಜಾಸ್ತಿ ಇದ್ದರೆ ಯೋಚನೆ ಮಾಡಬೇಕು. ಎಲ್ಲವೂ ಒಂದೇ ಸಮ ಇದ್ದರೆ, ಕಾರು ಹೊಗೆ ಕಾರದೆ ಆಯಿಲ್ ಕುಡಿಯದೆ ಇದ್ದರೆ, ಇಂಜಿನ್ ಇಳಿಸಲು ಅವಸರ ಬೇಡ.

ಹಾಗಾದರೆ ಬಲ ಎಲ್ಲಿ ಹೋಗಿತ್ತು? ಒಂದೇ ಕಡೆ ಅಲ್ಲ, ನಾಲ್ಕೈದು ಕಡೆ ಚೂರು ಚೂರು.

ದೊಡ್ಡ ಕಳ್ಳ ಡೆಲ್ಕೋ. ನಮ್ಮ ಮೆಕ್ಯಾನಿಕ್‌ಗಳು ಡಿಸ್ಟ್ರಿಬ್ಯೂಟರನ್ನು ಹಾಗೇ ಕರೆಯುವುದು. ಯಾವ ಸಿಲಿಂಡರಿಗೆ ಯಾವಾಗ ಕಿಡಿ ಕೊಡಬೇಕು ಅಂತ ತೀರ್ಮಾನಿಸುವುದು ಇದು. ಇಂಜಿನ್ ವೇಗ ಹೆಚ್ಚಿದಂತೆ ಕಿಡಿ ಸ್ವಲ್ಪ ಮುಂಚೆ ಬೀಳಬೇಕು, ಏಕೆಂದರೆ ಪೆಟ್ರೋಲ್ ಸುಡಲು ಬೇಕಾದ ಸಮಯ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ, ಪಿಸ್ಟನ್ ಮಾತ್ರ ಜೋರಾಗಿ ಓಡುತ್ತಿರುತ್ತದೆ. ವೇಗಕ್ಕೆ ತಕ್ಕಂತೆ ಕಿಡಿಯನ್ನು ಮುಂದಕ್ಕೆ ತರಲು ಡೆಲ್ಕೋ ಒಳಗೆ ಸಣ್ಣ ತೂಕದ ಗುಂಡುಗಳಿವೆ. ಅರ್ಧ ಆಕ್ಸಿಲರೇಟರಿನಲ್ಲಿ ಓಡುವಾಗ ಇನ್ನಷ್ಟು ಮುಂದಕ್ಕೆ ತರಲು ಹೊರಗೆ ಒಂದು ರಬ್ಬರ್ ಪೊರೆಯ ಡಬ್ಬಿ ಇದೆ. ನನ್ನ ಕಾರಿನಲ್ಲಿ ಗುಂಡುಗಳು ತುಕ್ಕು ಹಿಡಿದು ಅಂಟಿಕೊಂಡಿದ್ದವು, ಪೊರೆ ಹರಿದಿತ್ತು. ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ, ಅಂದರೆ ಐಡಲ್‌ನಲ್ಲಿ, ಇಂಜಿನ್ ಸರಿಯಾಗಿಯೇ ಇರುತ್ತಿತ್ತು, ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ಡಬ್ಬಿಯ ಪೈಪನ್ನು ಬಾಯಲ್ಲಿಟ್ಟು ಎಳೆದು ನೋಡಿ. ಗಾಳಿ ಸುಮ್ನೆ ಬಂದುಬಿಟ್ಟರೆ ಪೊರೆ ಹರಿದಿದೆ.

ಮಳೆಗಾಲದ ಕಥೆ ಬೇರೆ. ಕಕ್ಕಡ ತಿಂಗಳಲ್ಲಿ ಮೂರು ದಿನ ನಿಂತ ಕಾರು ಸ್ಟಾರ್ಟ್ ಆಗದಿರುವುದು ಹೆಚ್ಚಾಗಿ ಡೆಲ್ಕೋ ಮುಚ್ಚಳದೊಳಗೆ ಕೂತ ತೇವದಿಂದ. ಕಿಡಿ ಪ್ಲಗ್ಗಿಗೆ ಹೋಗುವ ಬದಲು ಒದ್ದೆ ಮುಚ್ಚಳದ ಮೇಲೆ ಹರಿದುಹೋಗುತ್ತದೆ. ರಾತ್ರಿ ಕತ್ತಲಲ್ಲಿ ಬಾನೆಟ್ ತೆಗೆದು ಇಂಜಿನ್ ಓಡಿಸಿ ನೋಡಿದರೆ ಹಳೇ ಪ್ಲಗ್ ವೈರುಗಳ ಸುತ್ತ ನೀಲಿ ಕಿಡಿ ಕುಣಿಯುವುದು ಕಾಣುತ್ತದೆ. ಚಂದ ಕಾಣುತ್ತದೆ, ಆದರೆ ಅದು ನಿಮ್ಮ ಪೆಟ್ರೋಲ್ ದುಡ್ಡು. ಮುಚ್ಚಳ, ರೋಟರ್, ವೈರು, ಮೂರು ಪ್ಲಗ್ ಒಟ್ಟಿಗೇ ಬದಲಿಸಿ. ಟೈಮಿಂಗ್ ಲೈಟ್ ಇರುವ ಮೆಕ್ಯಾನಿಕ್ ಹತ್ತಿರ ಹೋಗಿ ಸೆಟ್ ಮಾಡಿಸಿ. ತೆಳು ಗಾಳಿಯಲ್ಲಿ ಮಿಶ್ರಣ ಸ್ವಲ್ಪ ನಿಧಾನ ಸುಡುತ್ತದೆ, ಹಾಗಾಗಿ ಬೆಟ್ಟದ ಮೇಲೇ ಇರುವ ಕಾರಿಗೆ ಒಂದೆರಡು ಡಿಗ್ರಿ ಮುಂದೆ ಇಟ್ಟರೂ ನಡೆಯುತ್ತದೆ. ವಾರಕ್ಕೊಮ್ಮೆ ಸುಳ್ಯ, ಪುತ್ತೂರು ಕಡೆ ಇಳಿಯುವವರು ಆ ಆಸೆ ಬಿಡಿ. ಕೆಳಗೆ ದಪ್ಪ ಗಾಳಿಯಲ್ಲಿ ಇಂಜಿನ್ ಒಳಗೆ ಬಡಿದಂತೆ ಸದ್ದು ಮಾಡುತ್ತದೆ (ನಾಕ್), ಪಿಸ್ಟನ್‌ಗೆ ಪೆಟ್ಟು.

ಟ್ಯಾಪೆಟ್ ಸೆಟ್ಟಿಂಗ್ ಅರ್ಧ ದಿನದ ಕೆಲಸ. ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವೆ ಕೂದಲೆಳೆಯಷ್ಟು ಗ್ಯಾಪ್ ಇರಬೇಕು. ಜಾಸ್ತಿಯಾದರೆ ಟಕಟಕ ಸದ್ದು. ಕಡಿಮೆಯಾದರೆ ಸದ್ದೇ ಇಲ್ಲ, ಆದರೆ ವಾಲ್ವ್ ಪೂರ್ತಿ ಮುಚ್ಚದೆ ಬಿಸಿ ಗ್ಯಾಸ್ ಸೋರಿ ಅಂಚು ಸುಟ್ಟುಹೋಗುತ್ತದೆ. ಸದ್ದು ಮಾಡುವ ಟ್ಯಾಪೆಟ್ಟಿಗಿಂತ ಸದ್ದು ಮಾಡದ ಟ್ಯಾಪೆಟ್ ಅಪಾಯ.

ಕಾರ್ಬ್ಯುರೇಟರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅದಕ್ಕೆ ಬುದ್ಧಿ ಇಲ್ಲ. ಗಾಳಿ ತೆಳುವಾಯಿತು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಮಡಿಕೇರಿಯಲ್ಲಿ ಅಗತ್ಯಕ್ಕಿಂತ ಶೇ 5–6ರಷ್ಟು ಜಾಸ್ತಿ ಪೆಟ್ರೋಲ್ ಸುರಿಯುತ್ತದೆ. ಪ್ಲಗ್ ಕಪ್ಪಾಗುವುದು ಅದಕ್ಕೇ. ಇನ್ನೊಂದು ಕಡೆಯಿಂದ ಈಗ ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್ ಬಂದಿದೆ. ಎಥೆನಾಲ್ ಸುಡಲು ಒಂದು ಕೆಜಿಗೆ 9 ಕೆಜಿ ಗಾಳಿ ಸಾಕು. ಕಾರ್ಬ್ಯುರೇಟರಿನ ಅದೇ ಜೆಟ್ಟಿನಿಂದ (ಪೆಟ್ರೋಲ್ ಬರುವ ಸಣ್ಣ ತೂತು) ಅಷ್ಟೇ ಇಂಧನ ಬಂದರೆ ಮಿಶ್ರಣ ಶೇ 7ರಷ್ಟು ತೆಳುವಾಗುತ್ತದೆ, ಅಂದರೆ ಗಾಳಿಗೆ ಇಂಧನ ಸಾಲದು. ಮಡಿಕೇರಿಯ ಎತ್ತರ ಮಿಶ್ರಣವನ್ನು ದಪ್ಪ ಮಾಡಿದರೆ ಎಥೆನಾಲ್ ತೆಳು ಮಾಡುತ್ತದೆ. ಎರಡೂ ಸೇರಿ ಹೆಚ್ಚು ಕಡಿಮೆ ಸರಿಹೋಗುತ್ತದೆ! ಬಯಲಿನ ಹಳೇ ಕಾರಿಗೆ ಇಲ್ಲದ ಭಾಗ್ಯ ನಮಗಿದೆ, ತಮಾಷೆ ಅಲ್ವಾ? ಆದರೆ ಖುಷಿಪಡುವ ಮೊದಲು ರಬ್ಬರ್ ಪೈಪುಗಳನ್ನು ಮುಟ್ಟಿ ನೋಡಿ. ಹಳೇ ರಬ್ಬರನ್ನು ಎಥೆನಾಲ್ ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತದೆ. ಮಳೆಗಾಲದ ತೇವವನ್ನೂ ಹೀರಿಕೊಳ್ಳುತ್ತದೆ. ವಾರಗಟ್ಟಲೆ ನಿಲ್ಲಿಸುವ ಕಾರಿನಲ್ಲಿ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಟ್ಟು ಕೂರಬಹುದು. ಎಥೆನಾಲ್ ತಡೆಯುವ ಪೈಪು, ಹೊಸ ಫಿಲ್ಟರ್, ಕಾರ್ಬ್ಯುರೇಟರ್ ಕಿಟ್ ಇಷ್ಟು ಹಾಕಿಸಿ. ಬಾನೆಟ್ ಒಳಗೆ ಪೆಟ್ರೋಲ್ ಸೋರುವುದು ಬೆಂಕಿಯ ವಿಷಯ, ಇದರಲ್ಲಿ ಉಳಿತಾಯ ಬೇಡ.

ಮಿಶ್ರಣ ಸರಿ ಇದೆಯೇ ಅಂತ ನೋಡಲು ದುಬಾರಿ ಉಪಕರಣ ಬೇಕಿಲ್ಲ. ಹೊಗೆ ತಪಾಸಣೆ ಮಾಡುವವರ ಹತ್ತಿರ ಇರುವ ಮೆಷಿನ್ ಸಾಕು. ನನ್ನಂಥ ಹಳೇ ಕಾರಿಗೆ ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 3ರೊಳಗೆ ಇರಬೇಕು ಅನ್ನುವುದು ನಿಯಮ. ಜನ ಇಲ್ಲದ ಹೊತ್ತಲ್ಲಿ ಹೋಗಿ, ಮೆಕ್ಯಾನಿಕ್ಕನ್ನೂ ಕರೆದುಕೊಂಡು, ಮೆಷಿನ್ ನೋಡುತ್ತಾ ಸ್ಕ್ರೂ ತಿರುಗಿಸಿದೆವು. 4ರ ಮೇಲಿದ್ದದ್ದು 1.5ಕ್ಕೆ ಬಂತು. ಇದು ಐಡಲ್‌ನ ಕಥೆ ಮಾತ್ರ ಅನ್ನುವುದು ನೆನಪಿರಲಿ. ಓಡುವಾಗಿನ ಮಿಶ್ರಣವನ್ನು ಪ್ಲಗ್ಗಿನ ಬಣ್ಣ ಹೇಳುತ್ತದೆ: ಕಾಫಿಗೆ ಹಾಲು ಬೆರೆಸಿದ ಬಣ್ಣ ಇದ್ದರೆ ಸರಿ.

ಥರ್ಮೋಸ್ಟಾಟ್ ಕಿತ್ತು ಬಿಸಾಡುವುದು ನಮ್ಮ ಕಡೆ ಒಂದು ಕೆಟ್ಟ ಚಾಳಿ. ಘಾಟಿಯಲ್ಲಿ ಬಿಸಿಯಾಗುತ್ತದೆ, ತೆಗೆದುಬಿಡಿ ಅನ್ನುತ್ತಾರೆ. ಅದು 80 ಡಿಗ್ರಿ ಆಸುಪಾಸಿನವರೆಗೆ ನೀರನ್ನು ತಡೆದು ಇಂಜಿನ್ ಬೇಗ ಬಿಸಿಯಾಗುವಂತೆ ಮಾಡುತ್ತದೆ. ಅದಿಲ್ಲದೆ ಮಡಿಕೇರಿಯ ಚಳಿಯಲ್ಲಿ ಇಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಬಿಸಿಯಾಗುವುದಕ್ಕೆ ಕಾರಣ ರೇಡಿಯೇಟರ್ ಒಳಗಿನ ಕೆಸರು. ತೋಡಿನ ನೀರು ತುಂಬಿಸಿ ತುಂಬಿಸಿ ಆದದ್ದು. ಅದನ್ನು ತೊಳೆಸಿ ಕೂಲಂಟ್ ಹಾಕಿ.

ಇಂಜಿನ್ ಹೊರಗಿನ ಕಳ್ಳರೂ ಇದ್ದಾರೆ. ಸಮತಟ್ಟಾದ ಜಾಗದಲ್ಲಿ ನ್ಯೂಟ್ರಲ್ ಮಾಡಿ ಕಾರನ್ನು ಒಬ್ಬರೇ ತಳ್ಳಿ ನೋಡಿ. ತಳ್ಳಲಾಗದಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಮಳೆಗಾಲ ಮುಗಿದ ಮೇಲೆ ಹಿಂದಿನ ಡ್ರಮ್ಮು ಮತ್ತು ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಹೀಗಾಗುವುದು ಕೊಡಗಿನಲ್ಲಿ ತುಂಬ ಸಾಮಾನ್ಯ. ನನ್ನ ಕಾರಿನ ಒಂದು ಹಿಂಚಕ್ರ ಕೈಯಲ್ಲಿ ತಿರುಗುತ್ತಲೇ ಇರಲಿಲ್ಲ. ಟೈರೂ ಅಷ್ಟೇ. 12 ಇಂಚಿನ ಮೂಲ ಚಕ್ರ ತೆಗೆದು ಚಂದಕ್ಕೆ ದೊಡ್ಡದು ಹಾಕಿದರೆ ಎಲ್ಲ ಗೇರುಗಳೂ ಉದ್ದವಾದಂತೆ. ಘಾಟಿಯಲ್ಲಿ ಮೂರನೇ ಗೇರ್ ಮೂರೂವರೆಯಂತೆ ಆಗಿಬಿಡುತ್ತದೆ.

ಇನ್ನು ಅಂಗಡಿಯಲ್ಲಿ ನೇತುಹಾಕಿರುವ ಮಿಂಚುವ ವಸ್ತುಗಳು. ಬಾನೆಟ್ ಒಳಗಿನ ಬಿಸಿ ಗಾಳಿ ಎಳೆಯುವ ಕೋನ್ ಫಿಲ್ಟರಿಗಿಂತ, ಹೊರಗಿನ ತಣ್ಣನೆ ಗಾಳಿ ತರುವ ಕಂಪನಿಯ ಡಬ್ಬಿ ಮೇಲು. ಕಾಫಿ ಕೊಯ್ಲಿನ ಸಮಯದಲ್ಲಿ ತೋಟದ ಮಣ್ಣುರಸ್ತೆಯ ಧೂಳು ಕೂರುವುದರಿಂದ ಅದರೊಳಗಿನ ಕಾಗದದ ಫಿಲ್ಟರನ್ನು ಬೇಗ ಬದಲಿಸಿದರೆ ಸಾಕು. ದೊಡ್ಡ ಸೈಲೆನ್ಸರಿನಿಂದ ಬರುವುದು ಸದ್ದು. ಸದ್ದು ಜಾಸ್ತಿಯಾದರೆ ಕಾರು ಜೋರಾಗಿ ಹೋಗುತ್ತಿದೆ ಅಂತ ನಮಗೆ ಅನ್ನಿಸುತ್ತದೆ, ಅಷ್ಟೇ.

ಇಷ್ಟೆಲ್ಲ ಆದ ಮೇಲೂ ಕಂಪ್ರೆಶನ್ ಇಲ್ಲದಿದ್ದರೆ ಇಂಜಿನ್ ಬಿಚ್ಚಲೇಬೇಕು. ಎಣ್ಣೆ ಪರೀಕ್ಷೆ ಹೆಡ್ಡಿನ ಕಡೆ ಬೆರಳು ತೋರಿಸಿದ್ದರೆ ಟಾಪ್ ಓವರ್‌ಹಾಲ್: ವಾಲ್ವ್ ಉಜ್ಜಿ ಕೂರಿಸುವುದು, ಸೀಲ್, ಗ್ಯಾಸ್ಕೆಟ್. ಬೋರ್ ಸವೆದಿದ್ದರೆ ಕೊರೆಸಿ ದೊಡ್ಡ ಪಿಸ್ಟನ್ ಹಾಕಬೇಕು. ಬೋರ್ ಮಾಡಿಸಿದರೆ ಸಿಸಿ ಏರಿ ಪಿಕಪ್ ಜಾಸ್ತಿಯಾಗುತ್ತದೆ ಅನ್ನುವವರಿದ್ದಾರೆ. ಅರ್ಧ ಮಿ.ಮೀ. ದೊಡ್ಡದು ಮಾಡಿದರೆ 796 ಸಿಸಿ ಆಗುವುದು 808. ಹನ್ನೆರಡು ಸಿಸಿ! ಬರುವ ಬಲವೆಲ್ಲ ಸೋರಿಕೆ ನಿಂತದ್ದರಿಂದ.

ಕೊನೆಗೆ ಇಂಜಿನ್ ಬದಲಾವಣೆ, ಎಲ್ಲರ ಕನಸು. ಝೆನ್‌ನ 993 ಸಿಸಿ ಇಂಜಿನ್‌ಗೆ ಕಾರ್ಬ್ಯುರೇಟರ್ ಕಾಲದಲ್ಲೇ 50 ಹಾರ್ಸ್‌ಪವರ್ ಇತ್ತು. 800ರಲ್ಲೇ ಆಮೇಲೆ ಬಂದ 12 ವಾಲ್ವ್, ಐದು ಗೇರಿನ ಮಾದರಿಗೆ 45. ಜಿಪ್ಸಿ ಇಟ್ಟುಕೊಂಡವರೂ ಇದೇ ಯೋಚನೆಯಲ್ಲಿರುತ್ತಾರೆ. ಮೊದಲ ಜಿಪ್ಸಿಯ 970 ಸಿಸಿ ಇಂಜಿನ್ 45 ಕೊಟ್ಟರೆ, 2000ದ ನಂತರದ 1298 ಸಿಸಿ 16 ವಾಲ್ವ್ ಇಂಜಿನ್ 80 ಕೊಡುತ್ತದೆ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಕೇಳಿದರೆ ಇಂಜಿನ್‌ನ ಬೆಲೆ ಅಷ್ಟೇನೂ ಅನ್ನಿಸುವುದಿಲ್ಲ. ಮೋಸ ಹೋಗುವುದು ಅಲ್ಲೇ. ಕಾರ್ಬ್ಯುರೇಟರ್ ಬದಲು ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಇಂಜಿನ್ ಅಂದರೆ ಬರೀ ಇಂಜಿನ್ ಅಲ್ಲ. ಕಂಪ್ಯೂಟರ್, ಪೂರ್ತಿ ವೈರಿಂಗ್, ಸೆನ್ಸರುಗಳು, ಟ್ಯಾಂಕಿನೊಳಗಿನ ಪಂಪು, ವಾಪಸ್ ಬರುವ ಪೈಪು, ಗೇರ್‌ಬಾಕ್ಸ್, ಆಕ್ಸಲ್, ರೇಡಿಯೇಟರ್ ಎಲ್ಲವೂ ಅದರ ಹಿಂದೆಯೇ ಬರುತ್ತವೆ. ಇಂಜಿನ್‌ಗೆ ಕೊಟ್ಟದ್ದರ ಎರಡರಷ್ಟು ಇವಕ್ಕೆ ಹೋದರೂ ಆಶ್ಚರ್ಯ ಇಲ್ಲ. ಆಮೇಲೆ ಆ ಬಲವನ್ನು ಇಳಿಜಾರಿನಲ್ಲಿ ನಿಲ್ಲಿಸಲು ಬ್ರೇಕ್.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ತಾಳೆಯಾಗದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿತು. ಅದೇ ಬಗೆಯ ಇಂಜಿನ್ ಹಾಕುವುದಾದರೂ ಆರ್‌ಟಿಒ ಒಪ್ಪಿಗೆ ಪಡೆದು ಹೊಸ ಇಂಜಿನ್ ನಂಬರನ್ನು ಆರ್‌ಸಿಯಲ್ಲಿ ಬರೆಸಬೇಕು. ಹಾಗಾಗಿ ಬಿಲ್ಲಿಲ್ಲದ, ನಂಬರ್ ಉಜ್ಜಿದ ಇಂಜಿನ್ ಎಷ್ಟೇ ಅಗ್ಗವಾಗಿ ಸಿಕ್ಕರೂ ಮುಟ್ಟಬೇಡಿ. 15 ವರ್ಷ ದಾಟಿದ ಕಾರನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ನನ್ನದು 2012, 2017, 2022ರಲ್ಲಿ ಆಯಿತು, ಮುಂದಿನದು 2027. ಮಡಿಕೇರಿಯ ಕೆಎ 12 ಕಚೇರಿಯಲ್ಲಿ ನಂಬರ್ ತಾಳೆ ನೋಡುವ ದಿನ ಕಾರಿನೊಳಗೆ ಬೇರೆ ಇಂಜಿನ್ ಇದ್ದರೆ ಏನು ಹೇಳುವುದು? ಅಪಘಾತವಾದರೆ ಇನ್ಶೂರೆನ್ಸ್‌ನವರಿಗೂ ಅದೊಂದು ನೆಪ ಸಿಕ್ಕಂತೆ. ಅದಕ್ಕೇ ನಾನು ಆ ದಾರಿ ಹಿಡಿಯಲಿಲ್ಲ.

ಡೆಲ್ಕೋ ರಿಪೇರಿ, ವೈರು, ಪ್ಲಗ್ಗು, ಕಾರ್ಬ್ಯುರೇಟರ್ ಕಿಟ್, ಪೈಪು, ಥರ್ಮೋಸ್ಟಾಟ್, ರೇಡಿಯೇಟರ್ ತೊಳೆಸಿದ್ದು, ಟ್ಯಾಪೆಟ್, ಹಿಂದಿನ ಬ್ರೇಕ್, ಗೇಜು ಎಲ್ಲ ಸೇರಿ ಹನ್ನೊಂದು ಸಾವಿರ ಚಿಲ್ಲರೆ ಆಯಿತು. ಉಳಿದದ್ದರಲ್ಲಿ ಮುಂದಿನ ಬ್ರೇಕ್ ಪ್ಯಾಡ್ ಹಾಕಿಸಿದೆ. ಆಮೇಲೆ ಒಂದು ದಿನ ನಾಲ್ಕು ಜನರನ್ನು ಕೂರಿಸಿಕೊಂಡು ಸಂಪಾಜೆಯಿಂದ ಹತ್ತಿದೆ. ದೇವರಕೊಲ್ಲಿ ಮೂರನೇ ಗೇರಿನಲ್ಲೇ ದಾಟಿತು. ಜೋಡುಪಾಲವೂ ದಾಟಿತು. ಮಾದೆನಾಡಿನ ಹತ್ತಿರದ ಒಂದು ತಿರುವಿಗೆ ಮಾತ್ರ ಈಗಲೂ ಎರಡನೇ ಗೇರ್ ಬೇಕು.